ಪರದೇಶದಲ್ಲಿ ಸಾರಥ್ಯ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಮೊದಲನೆಯದು. ಹೇಳುವವರು ಕೇಳುವವರು ಯಾರೂ ಇಲ್ಲದ ಅನಾಥ ಎಂಬುದು ಎರಡನೆಯದು. ಮೊದಲನೆಯ ಅರ್ಥವನ್ನು ನಿಘಂಟು ಕೊಟ್ಟಿತು. ಎರಡನೆಯದನ್ನು ಕೊಟ್ಟುದು ಜನರ ಅನುಭವ. ತನ್ನ ಊರನ್ನು ಬಿಟ್ಟು ಹೋದವನನ್ನು ಕಂಡು, ಇವನ ಪರವಾಗಿ ಒಂದು ಮಾತು ಹೇಳುವವರು ಅಲ್ಲಿ ಯಾರಿದ್ದಾರೆ ಎಂದು ಮರುಗಿದವರ ಬಾಯಲ್ಲಿ ಎರಡು ಅರ್ಥಗಳೂ ಬೆರೆತು ಒಂದಾದುವು. ಈಗಿನ ಕಾಲದಲ್ಲಿ ಸಮುದ್ರವನ್ನು ದಾಟಿ ಹೋಗುವವನು ಅಷ್ಟು ಅನಾಥನಲ್ಲ. ಕೈಯಲ್ಲಿ ವಿದ್ಯೆಯಿದೆ, ಪೆಟ್ಟಿಗೆಯಲ್ಲಿ ರಹದಾರಿಯಿದೆ, ಬ್ಯಾಂಕಿನಲ್ಲಿ ಸಂಬಳವಿದೆ, ದಿನಬೆಳಗಾದರೆ ತಾಯಿಯ ಮುಖವನ್ನು ದೂರವಾಣಿಯ ಗಾಜಿನಲ್ಲಿಯೇ ನೋಡಬಹುದು. ಆದರೂ ಪರದೇಶಿ ಎಂಬ ಮಾತಿನ ಎರಡನೆಯ ಅರ್ಥವು ಅಂಥವನಿಗೂ ಒಂದು ದಿನ ಚೆನ್ನಾಗಿ ತಿಳಿಯುತ್ತದೆ. ಅದು ತಿಳಿಯುವುದು ಅರಮನೆಯಲ್ಲಲ್ಲ, ನ್ಯಾಯಸ್ಥಾನದಲ್ಲಲ್ಲ. ಮೋಟಾರು ಬಂಡಿಯನ್ನು ನಡೆಸಲು ಲೈಸೆನ್ಸು ಕೊಡುವ ಕಚೇರಿಯಲ್ಲಿ.

ಚಾಮರಾಜನಗರದಿಂದ ನಂಜನಗೂಡಿಗೆ ಹೋಗುವ ರೈಲುದಾರಿಯಲ್ಲಿ ಬದನಗುಪ್ಪೆ ಎಂಬುದೊಂದು ನಿಲ್ದಾಣ. 1926ರಲ್ಲಿ ನಂಜನಗೂಡಿನಿಂದ ಈ ಕಡೆಗೆ ರೈಲು ಬಂದಿತು. ಅದಕ್ಕೆ ಮೊದಲೂ ಆಮೇಲೆ ಬಹಳ ಕಾಲವೂ ಆ ಊರಿನವರ ಸಾರಥ್ಯವೆಲ್ಲ ಎತ್ತಿನ ಗಾಡಿಯದೇ ಆಗಿದ್ದಿತು. ರಾಗಿ ಜೋಳಗಳ ಹೊಲ, ಅರಿಸಿನ ಬಾಳೆಗಳ ತೋಟ, ಸಂತೆಗೆ ಹೋಗಿ ಬರುವ ಗಾಡಿಯ ಜಾಡು, ಇಷ್ಟೇ ಅಲ್ಲಿಯ ಭೂಗೋಳ. ಈಗ ಊರಿನ ಬಳಿಯಲ್ಲಿಯೇ ಬದನಗುಪ್ಪೆ ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವೆದ್ದು, ಲಾರಿಗಳು ಹಗಲಿರುಳೂ ಓಡಾಡುತ್ತವೆ. ಎತ್ತಿನ ಕಾಲ ಮುಗಿದು ಲಾರಿಯ ಕಾಲ ಪೂರ್ತಿಯಾಗಿ ಬರುವುದಕ್ಕೆ ಮೊದಲು, ಅಲ್ಲಿಯ ಒಂದು ಒಕ್ಕಲು ಮನೆತನದ ಹುಡುಗನು ಟ್ರಾಕ್ಟರನ್ನು ನಡೆಸಲು ಕಲಿತನು. ಗುರುವೆಂದರೆ ಚಿಕ್ಕಪ್ಪ; ಪಾಠಶಾಲೆಯೆಂದರೆ ಕೊಯ್ಲು ಮುಗಿದ ಹೊಲ. ಆಮೇಲೆ ಜೀಪು, ಆಮೇಲೆ ಕಾರು. 2001ರಲ್ಲಿ, ಇಪ್ಪತ್ತು ವರ್ಷ ತುಂಬಿದ ಮೇಲೆ, ಎಂಟರ ಅಂಕಿಯ ಆಕಾರದಲ್ಲಿ ಬಂಡಿಯನ್ನು ಸುತ್ತಿಸಿ ತೋರಿಸಿ, ಲೈಸೆನ್ಸನ್ನು ಪಡೆದನು. ಆಗಿನ ಕಾನೂನಿನಂತೆ ಅದಕ್ಕೆ ಇಪ್ಪತ್ತು ವರ್ಷದ ವಾಯಿದೆ. ಇಪ್ಪತ್ತರ ಹುಡುಗನಿಗೆ ಇಪ್ಪತ್ತು ವರ್ಷವೆಂದರೆ ಒಂದು ಆಯುಷ್ಯವೇ ಸರಿ. ಆ ಕಾಗದವನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಸೇರಿಸಿ ಇಟ್ಟನು. ಅದರ ಕೊನೆಯ ತಾರೀಖನ್ನು ಆಮೇಲೆ ನೋಡಲಿಲ್ಲ.

ಲೈಸೆನ್ಸು ಎಂಬುದು ಏನು? ಸಾಮರ್ಥ್ಯವೆ? ಅಲ್ಲ. ಸಾಮರ್ಥ್ಯವು ಹೊಲದಲ್ಲಿಯೇ ಬಂದಿತು. ಹಾಗಾದರೆ ಹಕ್ಕೆ? ಅದೂ ಪೂರ್ಣವಾಗಿ ಅಲ್ಲ. ಮೀಮಾಂಸಾಶಾಸ್ತ್ರದಲ್ಲಿ ‘ಅಧಿಕಾರ’ ಎಂಬ ವಿಚಾರವೊಂದುಂಟು. ಒಂದು ಕರ್ಮವನ್ನು ಮಾಡಲು ಯಾರಿಗೆ ಅಧಿಕಾರವುಂಟು ಎಂದು ಕೇಳಿದರೆ ಮೀಮಾಂಸಕರು ಮುಖ್ಯವಾಗಿ ಮೂರನ್ನು ನೋಡುತ್ತಾರೆ: ಅದರ ಫಲ ತನಗೆ ಬೇಕೆಂಬ ಅರ್ಥಿತ್ವ, ಅದನ್ನು ಮಾಡಬಲ್ಲ ಸಾಮರ್ಥ್ಯ, ಮತ್ತು ಶಾಸ್ತ್ರವು ಅವನನ್ನು ಹೊರಗಿಡದಿರುವುದು. ಮೊದಲಿನ ಎರಡು ಮನುಷ್ಯನಲ್ಲಿಯೇ ಇರುವುವು. ಮೂರನೆಯದು ಅವನ ಕೈಯಲ್ಲಿಲ್ಲ. ಬೇಕೆಂಬ ಆಸೆಯಿರಬಹುದು, ಮಾಡುವ ಕೌಶಲವಿರಬಹುದು. ಆದರೂ ‘ನೀನು ಇದರಲ್ಲಿ ಸೇರಿದವನಲ್ಲ’ ಎಂದು ಒಂದು ವಾಕ್ಯ ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು. ಬಂಡಿ ನಡೆಸುವವನ ಅಧಿಕಾರವೂ ಹೀಗೆಯೇ. ಸ್ವದೇಶದಲ್ಲಿರುವಾಗ ಈ ಮೂರು ಒಂದೇ ಹುರಿಯಾಗಿ ಹೊಸೆದುಕೊಂಡಿರುವುದರಿಂದ ಬೇರೆಬೇರೆಯಾಗಿ ಕಾಣುವುದಿಲ್ಲ. ಪರದೇಶಕ್ಕೆ ಹೋದೊಡನೆ ಹುರಿ ಬಿಚ್ಚುತ್ತದೆ.

ಈ ಮೂರನೆಯ ಅಂಶವು ಮೋಟಾರು ಬಂಡಿಯ ಜೊತೆಯಲ್ಲಿಯೇ ಹುಟ್ಟಿತು. ಜರ್ಮನಿಯ ಕಾರ್ಲ್ ಬೆಂಜ್ ತಾನೇ ನಿರ್ಮಿಸಿದ ಬಂಡಿಯನ್ನು ಬೀದಿಯಲ್ಲಿ ಓಡಿಸುವುದಕ್ಕೆ 1888ರಲ್ಲಿ ಬಾಡೆನ್ ಸಂಸ್ಥಾನದ ಅಧಿಕಾರಿಗಳಿಂದ ಬರವಣಿಗೆಯ ಅನುಮತಿಯನ್ನು ಪಡೆಯಬೇಕಾಯಿತು. ಯಂತ್ರವನ್ನು ಹುಟ್ಟಿಸಿದವನಿಗೂ ಅಧಿಕಾರವನ್ನು ಬೇರೊಬ್ಬರು ಕೊಡಬೇಕಾಗಿದ್ದಿತು. ಅದೇ ವರ್ಷದ ಆಗಸ್ಟಿನಲ್ಲಿ ಆತನ ಹೆಂಡತಿ ಬೆರ್ತಾ ಬೆಂಜ್ ಗಂಡನಿಗೆ ಹೇಳದೆಯೇ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್ ನಗರದಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ ಬಂಡಿಯನ್ನು ನಡೆಸಿಕೊಂಡು ಹೋದಳು. ತವರಿಗೆ ಹೋಗುವ ಹೆಣ್ಣನ್ನು ಯಾವ ಕಾನೂನು ತಡೆಯುತ್ತದೆ? 1893ರಲ್ಲಿ ಪ್ಯಾರಿಸ್ ನಗರದ ಪೋಲೀಸರು ಬಂಡಿ ನಡೆಸುವವರಿಗೆ ಸಾಮರ್ಥ್ಯಪತ್ರ ಬೇಕೆಂದು ವಿಧಿಸಿದರು. ಇಂಗ್ಲೆಂಡಿನಲ್ಲಿ 1903ರ ಕಾನೂನು 1904ರ ಜನವರಿ 1ರಿಂದ ಜಾರಿಗೆ ಬಂದಿತು. ಐದು ಷಿಲಿಂಗು ಕೊಟ್ಟವರಿಗೆ ಲೈಸೆನ್ಸು ಸಿಕ್ಕುತ್ತಿತ್ತು, ಪರೀಕ್ಷೆಯ ಮಾತೇ ಇರಲಿಲ್ಲ. ಅಲ್ಲಿ ಹೊಸಬರಿಗೆಲ್ಲ ಪರೀಕ್ಷೆ ಕಡ್ಡಾಯವಾದುದು 1935ರ ಜೂನ್ 1ರಿಂದ. ಇದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಬದನಗುಪ್ಪೆಯ ಆ ಗೃಹಸ್ಥನು ಹೋಗಿ ಸೇರಿದುದು ಅದೇ ಇಂಗ್ಲೆಂಡನ್ನು.

ಆತನು ಹೋದುದು 2018ರಲ್ಲಿ. ವಯಸ್ಸು ಮೂವತ್ತೇಳು, ಯಂತ್ರಶಾಸ್ತ್ರದಲ್ಲಿ ಪಾಸು ಮಾಡಿ ಮೈಸೂರಿನಲ್ಲಿ ಬಹುಕಾಲ ಕೆಲಸ ಮಾಡಿದವನು. ಕಾರ್ಖಾನೆಯು ಊರಿನಿಂದ ದೂರ. ಅವನ ಪಾಳಿ ಮುಗಿಯುವ ಹೊತ್ತಿಗೆ ಬಸ್ಸುಗಳು ನಿಂತುಹೋಗಿರುತ್ತಿದ್ದುವು. ಬಂಡಿಯಿಲ್ಲದೆ ಬದುಕಿಲ್ಲ. ಬಂಡಿಯನ್ನು ಕೊಳ್ಳುವುದು ಸುಲಭವಾಯಿತು. ಅಲ್ಲಿಯೂ ಇಲ್ಲಿಯಂತೆಯೇ ರಸ್ತೆಯ ಎಡಗಡೆಯಲ್ಲಿ ಹೋಗುವುದರಿಂದ ಕೈಗಳಿಗೆ ಹೊಸ ಅಭ್ಯಾಸವೇನೂ ಬೇಕಾಗಲಿಲ್ಲ. ಭಾರತದ ಲೈಸೆನ್ಸಿನಿಂದಲೇ ಮೊದಲ ದಿನ ಹೊರಟನು. ಎಲ್ಲವೂ ಸರಿಯಾಗಿತ್ತು. ಆದರೆ ಆ ದೇಶದ ಕಾನೂನು ಅವನ ಲೈಸೆನ್ಸನ್ನು ಮಾನ್ಯಮಾಡುವುದು ಅಲ್ಲಿ ನೆಲಸಿದ ದಿನದಿಂದ ಹನ್ನೆರಡು ತಿಂಗಳು ಮಾತ್ರ. ಹದಿಮೂರನೆಯ ತಿಂಗಳಿನ ಮೊದಲನೆಯ ದಿನ ಅದೇ ಕೈ, ಅದೇ ಕಣ್ಣು, ಅದೇ ಬಂಡಿ, ಅದೇ ಬೀದಿ. ಅಧಿಕಾರ ಮಾತ್ರ ಇಲ್ಲ.

ಒಂದು ದೇಶ ಕೊಟ್ಟ ಲೈಸೆನ್ಸನ್ನು ಇನ್ನೊಂದು ದೇಶವು ಏತಕ್ಕೆ ನಂಬಬೇಕು ಎಂಬ ಪ್ರಶ್ನೆ ಹೊಸದಲ್ಲ. ವಿರಾಟನಗರಿಯಲ್ಲಿ ಉತ್ತರಕುಮಾರನಿಗೆ ಸಾರಥಿ ಬೇಕಾಯಿತು. ಬೃಹನ್ನಳೆಗೆ ಸಾರಥ್ಯ ಬರುತ್ತದೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಿದವಳು ಸೈರಂಧ್ರಿ: ಖಾಂಡವದಹನದ ಕಾಲದಲ್ಲಿ ಅರ್ಜುನನ ಸಾರಥಿಯಾಗಿದ್ದವರು ಇವರೇ ಎಂದಳು. ಆಕೆಯೂ ಆ ಊರಿಗೆ ಹೊರಗಿನವಳೇ. ಆದರೂ ಅವಳ ಮಾತು ನಡೆಯಿತು. ಶಾಸ್ತ್ರದಲ್ಲಿ ಇದನ್ನು ಆಪ್ತವಾಕ್ಯವೆನ್ನುತ್ತಾರೆ. ನಂಬತಕ್ಕವರು ಹೇಳಿದ ಮಾತೂ ಒಂದು ಪ್ರಮಾಣವೇ. ಲೈಸೆನ್ಸೆಂದರೆ ಸರ್ಕಾರವು ನುಡಿದ ಸೈರಂಧ್ರಿಯ ಮಾತು. ‘ಇವನಿಗೆ ಬರುತ್ತದೆ, ನಾವು ನೋಡಿದ್ದೇವೆ’ ಎಂದು ಒಂದು ರಾಜ್ಯವು ಮಿಕ್ಕ ರಾಜ್ಯಗಳಿಗೆ ಹೇಳುತ್ತದೆ. ಕೇಳಿದವರು ನಂಬಿದರೆ ಕಾಗದವು ಲೈಸೆನ್ಸು. ನಂಬದಿದ್ದರೆ ಕಾಗದವು ಬರಿಯ ಕಾಗದ.

ಈ ನಂಬಿಕೆಯನ್ನು ಒಪ್ಪಂದದಿಂದ ಕಟ್ಟಬೇಕೆಂದು ದೇಶಗಳು ಬಹಳ ಹಿಂದೆಯೇ ಕುಳಿತು ಮಾತನಾಡಿದುವು. 1909ರಲ್ಲಿ ಪ್ಯಾರಿಸಿನಲ್ಲಿ ಒಂದು ಒಪ್ಪಂದ, 1926ರಲ್ಲಿ ಅಲ್ಲಿಯೇ ಇನ್ನೊಂದು, 1949ರಲ್ಲಿ ಜಿನೀವದಲ್ಲಿ ಮತ್ತೊಂದು, 1968ರಲ್ಲಿ ವಿಯೆನ್ನದಲ್ಲಿ ಮಗದೊಂದು. ಅವುಗಳ ಫಲವಾಗಿ ‘ಅಂತರರಾಷ್ಟ್ರೀಯ ಚಾಲನಾ ಅನುಜ್ಞೆ’ ಎಂಬ ಚಿಕ್ಕ ಪುಸ್ತಕ ಬಂದಿತು. ಭಾರತದಲ್ಲಿ ಅದನ್ನು ತನ್ನ ಊರಿನ ಸಾರಿಗೆ ಕಚೇರಿಯಿಂದಲೇ ಪಡೆಯಬಹುದು. ಒಂದು ವರ್ಷಕ್ಕಿಂತ ಹೆಚ್ಚಿನ ಆಯುಸ್ಸು ಅದಕ್ಕಿಲ್ಲ. ಹೆಸರು ದೊಡ್ಡದಾದರೂ ಅದು ಸ್ವತಂತ್ರವಾದ ಲೈಸೆನ್ಸಲ್ಲ. ಮೂಲ ಲೈಸೆನ್ಸಿಗೆ ಹಲವು ಭಾಷೆಗಳಲ್ಲಿ ಬರೆದ ಟೀಕೆಯಂತೆ ಇರತಕ್ಕದ್ದು. ಮೂಲವಿಲ್ಲದೆ ಟೀಕೆ ನಿಲ್ಲುವುದಿಲ್ಲ. ಈ ಒಪ್ಪಂದಗಳೆಲ್ಲ ಮುಖ್ಯವಾಗಿ ಬಂದು ಹೋಗುವ ಅತಿಥಿಗಾಗಿ ಆದುವು. ಅತಿಥಿಯ ಲೈಸೆನ್ಸನ್ನು ಲೋಕವು ನಂಬುತ್ತದೆ, ನೆಲಸಿದವನದನ್ನು ನಂಬುವುದಿಲ್ಲ. ಮೂರು ದಿನ ಇದ್ದವನಿಗೆ ಮಣೆ ಹಾಕಿ, ಮೂರು ತಿಂಗಳು ಇದ್ದವನನ್ನು ಕುಲಗೋತ್ರ ಕೇಳುವ ಮನೆಯಂತೆ ಇದು.

ನೆಲಸಿದವರಲ್ಲಿಯೂ ಪಂಕ್ತಿಭೇದವುಂಟು. ಜಪಾನ್, ಆಸ್ಟ್ರೇಲಿಯ, ಸಿಂಗಪುರ, ದಕ್ಷಿಣ ಆಫ್ರಿಕ ಮೊದಲಾದ ಕೆಲವು ದೇಶಗಳವರು ತಮ್ಮ ಲೈಸೆನ್ಸನ್ನು ಕೊಟ್ಟು ಇಂಗ್ಲೆಂಡಿನದನ್ನು ಬದಲಾಗಿ ಪಡೆಯಬಹುದು. ಭಾರತವು ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಹದಿನೇಳು ವರ್ಷ ಬಂಡಿ ನಡೆಸಿದವನು ಮೊದಲಿನಿಂದ ಓನಾಮ ತಿದ್ದಬೇಕಾಯಿತು. ಮೊದಲು ಕಲಿಯುವವರ ಲೈಸೆನ್ಸು. ಆಮೇಲೆ ಓದಿನ ಪರೀಕ್ಷೆ: ಐವತ್ತು ಪ್ರಶ್ನೆಗಳಲ್ಲಿ ನಲವತ್ತಮೂರಕ್ಕಾದರೂ ಸರಿಯುತ್ತರ ಬರಬೇಕು. ಅದರ ಹಿಂದೆಯೇ, ಪರದೆಯ ಮೇಲೆ ಓಡುವ ಬೀದಿಯ ಚಿತ್ರಗಳನ್ನು ನೋಡುತ್ತ, ಅಪಾಯವು ಬೆಳೆಯುವ ಮೊದಲೇ ಅದನ್ನು ಗುರುತಿಸುವ ಪರೀಕ್ಷೆ: ಎಪ್ಪತ್ತೈದು ಅಂಕಗಳಲ್ಲಿ ನಲವತ್ತನಾಲ್ಕು ಬೇಕು. ಇವೆರಡನ್ನೂ ದಾಟಿದ ಮೇಲೆ ರಸ್ತೆಯ ಪರೀಕ್ಷೆ. ಅದರ ಮೊದಲ ಪ್ರಶ್ನೆ ಕಣ್ಣಿನದು. ಇಪ್ಪತ್ತು ಮೀಟರು ದೂರದಲ್ಲಿ ನಿಂತಿರುವ ಬಂಡಿಯ ಸಂಖ್ಯೆಯನ್ನು ಓದಿ ಹೇಳಬೇಕು. ಆಮೇಲೆ ಸುಮಾರು ನಲವತ್ತು ನಿಮಿಷಗಳ ಸವಾರಿ. ಚಿಲ್ಲರೆ ತಪ್ಪುಗಳು ಹದಿನೈದರವರೆಗೆ ಮಾಫಿ. ಗಂಭೀರವಾದ ತಪ್ಪು ಒಂದಾದರೂ ಫೇಲು.

ಆತನು ಕೆಲಸದ ಗಡಿಬಿಡಿಯಲ್ಲಿ ಕಾಲ ಕಳೆದು, ಹನ್ನೆರಡು ತಿಂಗಳು ಮುಗಿದ ಮೇಲೆಯೇ ರಸ್ತೆಯ ಪರೀಕ್ಷೆಗೆ ನಿಂತನು. ಅಷ್ಟರಲ್ಲಿ ಬಂಡಿಯ ಹಿಂದೆ ಮುಂದೆ ಕಲಿಯುವವನೆಂದು ಸಾರುವ ಕೆಂಪು ‘ಎಲ್’ ಅಕ್ಷರದ ಫಲಕವನ್ನು ಅಂಟಿಸಬೇಕಾಗಿ ಬಂದಿತು. ಅದು ಸಾಲದೆಂದು, ಪಕ್ಕದಲ್ಲಿ ಲೈಸೆನ್ಸುಳ್ಳ ಒಬ್ಬರು ಕುಳಿತಿರಬೇಕು. ಅವರಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು, ಲೈಸೆನ್ಸು ಪಡೆದು ಮೂರು ವರ್ಷವಾಗಿರಬೇಕು. ಕಾರ್ಖಾನೆಯಲ್ಲಿ ಆತನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಒಪ್ಪಿಕೊಂಡನು. ಹಗಲಿನಲ್ಲಿ ಶಿಷ್ಯ, ಸಂಜೆ ಗುರು. ಹುಡುಗನು ಒಳ್ಳೆಯವನು, ಒಂದು ದಿನವೂ ನಗಲಿಲ್ಲ. ಆದರೂ ಬದನಗುಪ್ಪೆಯಲ್ಲಿ ಊರಿನ ಅರ್ಧ ಜನಕ್ಕೆ ಟ್ರಾಕ್ಟರನ್ನು ಕಲಿಸಿದವನಿಗೆ ಆ ಕೆಂಪು ಅಕ್ಷರವು ಹಣೆಯ ಮೇಲೆ ಬರೆದಂತೆ ತೋರುತ್ತಿತ್ತು. ತಾಯಿಗೆ ಹೇಳಿದಾಗ ಆಕೆ ಕೇಳಿದುದು ಇಷ್ಟು: “ಅಲ್ಲ ಕನಾ ಮೊಗ, ಬಂಡಿ ಹೊಡೆಯೋದು ಬತ್ತದೆ ಅಂತ ಇಲ್ಲಿಂದ ಯಾರಾದ್ರೂ ಹೇಳುದ್ರೆ ಆಗಕಿಲ್ವಾ?” ಪರದೇಶಿ ಎಂಬ ಮಾತಿನ ಎರಡನೆಯ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ. ಹೇಳುವವರಿದ್ದರು, ಕೇಳುವವರಿರಲಿಲ್ಲ.

ಮೊದಲನೆಯ ಸಲ ಆತನು ಫೇಲಾದನು. ಕಾರಣವನ್ನು ತಿಳಿದರೆ ಓದುಗರು ನಗಬಹುದು. ರಸ್ತೆಯ ಅಂಚಿನಲ್ಲಿ ನಿಂತಿದ್ದ ಬಂಡಿಯನ್ನು ಹೊರಡಿಸುವಾಗ ಕತ್ತನ್ನು ಹಿಂದಕ್ಕೆ ತಿರುಗಿಸಿ, ಕನ್ನಡಿಗೆ ಕಾಣದ ಮೂಲೆಯನ್ನು ನೋಡಲಿಲ್ಲ. ಅಲ್ಲಿ ಒಂದು ಸೈಕಲ್ಲು ಬರುತ್ತಿತ್ತು. ಏನೂ ಅನಾಹುತವಾಗಲಿಲ್ಲ, ಪರೀಕ್ಷಕನು ಏನನ್ನೂ ಅನ್ನಲಿಲ್ಲ, ಕಾಗದದಲ್ಲಿ ಒಂದು ಗೆರೆ ಎಳೆದನು, ಅಷ್ಟೆ. ಆ ರಾತ್ರಿ ಆತನಿಗೆ ಕೋಪ ಬಂದಿತು. ಹದಿನೇಳು ವರ್ಷದಲ್ಲಿ ಒಂದು ನಾಯಿಯನ್ನೂ ತಾಕಿಸದವನನ್ನು ಒಂದು ಕತ್ತಿನ ತಿರುವಿಗಾಗಿ ಫೇಲು ಮಾಡುವುದೆ? ಆದರೆ ಕೋಪ ಇಳಿದ ಮೇಲೆ ಇನ್ನೊಂದು ಯೋಚನೆ ಹುಟ್ಟಿತು. ನಂಜನಗೂಡಿನ ರಸ್ತೆಯಲ್ಲಿ ಹಿಂದಿನಿಂದ ಯಾರಾದರೂ ಬರುತ್ತಿದ್ದರೆ ಹಾರ್ನು ಮಾಡಿ ತಿಳಿಸುತ್ತಾರೆ. ಲಾರಿಗಳ ಬೆನ್ನಿನ ಮೇಲೆಯೇ ಹಾರ್ನು ಮಾಡಿರೆಂದು ಬರೆದಿರುತ್ತದೆ. ಅಲ್ಲಿ ಸಾರಥಿಯು ಕಿವಿಯಿಂದ ಬಂಡಿ ನಡೆಸುತ್ತಾನೆ. ಇಂಗ್ಲೆಂಡಿನಲ್ಲಿ ನಿಂತ ಬಂಡಿಯಲ್ಲಿ ಹಾರ್ನು ಮಾಡಬಾರದು. ಜನವಸತಿಯಿರುವ ಕಡೆ ರಾತ್ರಿ ಹನ್ನೊಂದೂವರೆಯಿಂದ ಬೆಳಗ್ಗೆ ಏಳರವರೆಗೆ ಹಾರ್ನಿಗೆ ಪೂರ್ತಿ ಮೌನ. ಅಲ್ಲಿ ಯಾರೂ ಬಂದು ತಿಳಿಸುವುದಿಲ್ಲ, ತಾನೇ ನೋಡಿಕೊಳ್ಳಬೇಕು. ಅದು ಕಣ್ಣಿನ ಸಾರಥ್ಯ. ಸೈಕಲ್ಲಿನವನು ಗಂಟೆ ಬಾರಿಸದೆ ಬಂದುದು ಅವನ ತಪ್ಪಲ್ಲ; ಅವನನ್ನು ನೋಡತಕ್ಕವನು ಬಂಡಿಯವನು.

ಇಲ್ಲಿ ನಳನ ಕಥೆ ನೆನಪಿಗೆ ಬರುತ್ತದೆ. ರಾಜ್ಯವನ್ನು ಕಳೆದುಕೊಂಡು, ರೂಪ ಬದಲಾಗಿ, ಬಾಹುಕನೆಂಬ ಹೆಸರಿನಿಂದ ನಳನು ಅಯೋಧ್ಯೆಗೆ ಹೋಗಿ ಋತುಪರ್ಣನ ಬಳಿ ಸಾರಥ್ಯವನ್ನು ಬೇಡಿದನು. ಕೈಯಲ್ಲಿ ಯಾವ ಪತ್ರವೂ ಇರಲಿಲ್ಲ. ಅಶ್ವಹೃದಯವನ್ನು ಬಲ್ಲವನಿಗೆ ಹೊರಗಿನಿಂದ ಯಾವ ಗುರುತೂ ಇರಲಿಲ್ಲ. ಅವನ ವಿದ್ಯೆ ಕಂಡುದು ವಿದರ್ಭದವರೆಗೆ ಒಂದೇ ದಿನದಲ್ಲಿ ರಥವನ್ನು ನಡೆಸಿದಾಗ. ಆದರೆ ಆ ದಾರಿಯಲ್ಲಿ ನಳನು ಬರಿಯ ಪರೀಕ್ಷೆ ಕೊಡಲಿಲ್ಲ. ತನಗೆ ತಿಳಿಯದ ಅಕ್ಷಹೃದಯವನ್ನು ಋತುಪರ್ಣನಿಂದ ಕಲಿತುಕೊಂಡನು. ಅದರಿಂದಲೇ ಅವನ ಕಷ್ಟವು ಕಳೆಯಿತು. ಸಮರ್ಥನಾದವನೂ ಪರದೇಶದಲ್ಲಿ ಕಲಿಯಬೇಕಾದುದು ಏನಾದರೂ ಇದ್ದೇ ಇರುತ್ತದೆ. ಅದನ್ನು ಒಪ್ಪಿಕೊಂಡವನಿಗೆ ಪರೀಕ್ಷೆಯು ಅವಮಾನವಾಗಿ ಉಳಿಯುವುದಿಲ್ಲ. ಬದನಗುಪ್ಪೆಯ ಗೃಹಸ್ಥನು ಎರಡನೆಯ ಸಲ ಪಾಸಾದನು. ಕೆಂಪು ಅಕ್ಷರವನ್ನು ಕಿತ್ತುಹಾಕಿದನು. ಆದರೆ ಕತ್ತನ್ನು ತಿರುಗಿಸಿ ನೋಡುವ ಅಭ್ಯಾಸ ಮಾತ್ರ ಅಂಟಿಕೊಂಡಿತು.

ಎಲ್ಲ ಪರದೇಶಿಗಳ ಕಥೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಕಲಿಯತಕ್ಕದ್ದು ಏನಾದರೂ ಇದ್ದು ಪರೀಕ್ಷೆ ಮಾಡುವುದು ಒಂದು. ಪರೀಕ್ಷೆಯ ಬಾಗಿಲನ್ನೇ ತೆರೆಯದಿರುವುದು ಇನ್ನೊಂದು. ಕರಾವಳಿಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಸೌದಿ ಅರೇಬಿಯದ ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿದಿದ್ದಾರೆ. 2018ರ ಜೂನ್ 24ರವರೆಗೆ ಆ ದೇಶದಲ್ಲಿ ಹೆಂಗಸರಿಗೆ ಬಂಡಿ ನಡೆಸುವ ಅಧಿಕಾರವೇ ಇರಲಿಲ್ಲ. ಊರಿನಲ್ಲಿ ಲೈಸೆನ್ಸು ಪಡೆದು ಹೋದವಳಿಗೂ ಅಲ್ಲಿ ಹಿಂದಿನ ಆಸನವೇ ಗತಿ. ಅರ್ಥಿತ್ವವುಂಟು, ಸಾಮರ್ಥ್ಯವುಂಟು, ಹೊರಗಿಟ್ಟ ವಾಕ್ಯವೊಂದು ಅಡ್ಡ. ಆ ವಾಕ್ಯವನ್ನು ತೆಗೆದುಹಾಕುವ ಕಾಲ ಬಂದಾಗ ನಡೆದ ಸಂಗತಿಯೊಂದು ಗಮನಿಸತಕ್ಕದ್ದು. ಜೂನ್ 4ರಂದು ಮೊಟ್ಟಮೊದಲು ಲೈಸೆನ್ಸು ಪಡೆದ ಹತ್ತು ಮಂದಿ ಹೆಂಗಸರು ಅದನ್ನು ಪಡೆದುದು, ಬೇರೆ ದೇಶಗಳಲ್ಲಿ ತಾವು ಮೊದಲೇ ಪಡೆದಿದ್ದ ಲೈಸೆನ್ಸುಗಳಿಗೆ ಬದಲಾಗಿ. ಸ್ವದೇಶವು ಕೊಡದಿದ್ದ ಪ್ರಮಾಣವನ್ನು ಪರದೇಶವು ಕೊಟ್ಟಿತ್ತು. ಕೊನೆಗೆ ಸ್ವದೇಶವು ಅದನ್ನೇ ನಂಬಿತು.

ಲೈಸೆನ್ಸನ್ನು ಪಡೆಯುವುದು ಒಂದು ತೊಡಕು. ಅದನ್ನು ಮತ್ತೆ ಮತ್ತೆ ಹೊಸದಾಗಿಸಿಕೊಳ್ಳುವುದು ಇನ್ನೊಂದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 2005ರ ಒಂದು ಕಾನೂನಿನಂತೆ, ತಾತ್ಕಾಲಿಕವಾಗಿ ನೆಲಸಿರುವ ಪರದೇಶದವನಿಗೆ ಆ ಕಾನೂನಿಗೆ ಒಪ್ಪುವ ಲೈಸೆನ್ಸು ದೊರೆಯುವುದು ಅವನಿಗೆ ಅಲ್ಲಿರಲು ಅನುಮತಿಯಿರುವ ದಿನದವರೆಗೆ ಮಾತ್ರ. ಅನುಮತಿಗೆ ಗೊತ್ತಾದ ಕೊನೆಯಿಲ್ಲದಿದ್ದರೆ ಒಂದು ವರ್ಷಕ್ಕೆ. ಬೆಂಗಳೂರು ಮೈಸೂರುಗಳಿಂದ ಹೋಗಿ ಅಲ್ಲಿ ಯಂತ್ರಗಣಕದ ಕೆಲಸದಲ್ಲಿರುವ ಸಂಸಾರಗಳಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ವೀಸಾದ ಅರ್ಜಿ ಒಂದು ಕಚೇರಿಯಲ್ಲಿ ತಡವಾದರೆ, ಇನ್ನೊಂದು ಕಚೇರಿಯಲ್ಲಿ ಲೈಸೆನ್ಸಿನ ವಾಯಿದೆ ಮುಗಿಯುತ್ತದೆ. ಮಗುವನ್ನು ಶಾಲೆಗೆ ಬಿಡುವ ತಾಯಿಯ ಕೈಯ ಕೌಶಲವು ಮಂಗಳವಾರವಿದ್ದು ಬುಧವಾರ ಇಲ್ಲವಾಗುವುದಿಲ್ಲ. ಆದರೆ ಅವಳ ಅಧಿಕಾರ ಹಾಗೆ ಇಲ್ಲವಾಗಬಹುದು. ಅಲ್ಲಿ ಲೈಸೆನ್ಸು ಸಾರಥ್ಯದ ಪ್ರಮಾಣವಾಗಿ ಮಾತ್ರ ಉಳಿಯದೆ, ‘ನೀನು ಇನ್ನೂ ಎಷ್ಟು ದಿನ ಇಲ್ಲಿರುವೆ?’ ಎಂದು ಕೇಳುವ ಪ್ರಶ್ನೆಯೂ ಆಗಿಬಿಟ್ಟಿದೆ.

ಇತ್ತ ಬದನಗುಪ್ಪೆಯ ಕಾಗದದ ಗತಿಯೇನಾಯಿತು? ಪ್ಲಾಸ್ಟಿಕ್ಕಿನ ಚೀಲದಲ್ಲಿದ್ದ ಲೈಸೆನ್ಸಿನ ಇಪ್ಪತ್ತು ವರ್ಷ 2021ರಲ್ಲಿ ಮುಗಿಯಿತು. ಮಹಾಮಾರಿಯ ಕಾಲವಾದುದರಿಂದ ಭಾರತ ಸರ್ಕಾರವು ಆಗ ಮುಗಿದ ಲೈಸೆನ್ಸುಗಳಿಗೆ ಕೆಲವು ತಿಂಗಳ ಕಾಲಾವಕಾಶವನ್ನು ಕೊಟ್ಟಿತು, ಅದೂ ಮುಗಿಯಿತು. ಪರದೇಶದಲ್ಲಿರುವಾಗ ಅಂತರರಾಷ್ಟ್ರೀಯ ಅನುಜ್ಞೆಯ ವಾಯಿದೆ ತೀರಿದ ಭಾರತೀಯರು ಅಲ್ಲಿಯ ರಾಯಭಾರ ಕಚೇರಿಯ ಮೂಲಕ ಹೊಸದಕ್ಕೆ ಅರ್ಜಿ ಹಾಕಬಹುದೆಂದು 2021ರ ಜನವರಿಯಲ್ಲಿ ನಿಯಮವಾದುದೂ ಆತನಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಮೂಲ ಲೈಸೆನ್ಸಿಗೆ ಅದರಿಂದ ಪ್ರಯೋಜನವಿರಲಿಲ್ಲ. 2023ರಲ್ಲಿ ತಂದೆಗೆ ಕಾಯಿಲೆಯೆಂದು ಊರಿಗೆ ಬಂದನು. ವಾರಕ್ಕೆರಡು ಸಲ ತಂದೆಯನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮನೆಯಲ್ಲಿ ಕಾರಿತ್ತು, ನಡೆಸುವವನೂ ಇದ್ದನು, ಅಧಿಕಾರವಿರಲಿಲ್ಲ. ಇಂಗ್ಲೆಂಡಿನ ಲೈಸೆನ್ಸಿನ ಜೊತೆಗೆ ಅಲ್ಲಿಯ ಅಂತರರಾಷ್ಟ್ರೀಯ ಅನುಜ್ಞೆಯನ್ನು ತಂದಿದ್ದರೆ ಕೆಲವು ಕಾಲ ನಡೆಯುತ್ತಿತ್ತೋ ಏನೋ. ಸ್ವಂತ ಊರಿಗೆ ಹೋಗುವವನಿಗೆ ಅದೇಕೆ ಎಂದು ತಂದಿರಲಿಲ್ಲ. ತಂದೆ ಬಾಡಿಗೆ ಬಂಡಿಯ ಹಿಂದಿನ ಆಸನದಲ್ಲಿ ಕುಳಿತು, “ಇಂಗ್ಲೆಂಡ್‌ನೋರೂ ಒಪ್ಪುದ್ರು, ನಮ್ಮೋರು ಒಪ್ಪಲಿಲ್ವಲ್ಲಪ್ಪ” ಎಂದನು.

ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನಗಳ ಕಾಯಿದೆಯು 2019ರಲ್ಲಿ ತಿದ್ದುಪಡಿಯಾದ ಮೇಲೆ, ವಾಯಿದೆ ಮುಗಿಯುವುದಕ್ಕೆ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದವರೆಗೆ ನವೀಕರಣಕ್ಕೆ ಅರ್ಜಿ ಹಾಕಬಹುದು. ಆ ಒಂದು ವರ್ಷವೂ ಕಳೆದರೆ ಮತ್ತೆ ಸಾಮರ್ಥ್ಯದ ಪರೀಕ್ಷೆಗೆ ನಿಲ್ಲಬೇಕು. ವಾಯಿದೆಯ ಲೆಕ್ಕವೂ ಬದಲಾಗಿದೆ: ಮೂವತ್ತು ತುಂಬುವುದಕ್ಕೆ ಮೊದಲು ಪಡೆದವರಿಗೆ ನಲವತ್ತು ತುಂಬುವವರೆಗೆ, ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರೊಳಗಿನವರಿಗೆ ಅರುವತ್ತು ತುಂಬುವವರೆಗೆ, ಆಮೇಲೆ ಐದೈದು ವರ್ಷ. ನಲವತ್ತು ದಾಟಿದವರು ವೈದ್ಯರ ಪತ್ರವನ್ನೂ ಕೊಡಬೇಕು. ಅರ್ಜಿಯನ್ನು ಹಾಕುವ ಸರ್ಕಾರದ ಯಂತ್ರಗಣಕ ವ್ಯವಸ್ಥೆಗೆ ‘ಸಾರಥಿ’ ಎಂದೇ ಹೆಸರು. ಹೀಗೆ ನಲವತ್ತೆರಡರ ಗೃಹಸ್ಥನು ವೈದ್ಯರ ಪತ್ರವನ್ನು ಹಿಡಿದು ಚಾಮರಾಜನಗರದಲ್ಲಿ, ಹದಿನೆಂಟು ಹತ್ತೊಂಬತ್ತರ ಹುಡುಗರ ನಡುವೆ ಸಾಲಿನಲ್ಲಿ ನಿಂತನು.

ಆ ಸಾಲಿನಲ್ಲಿ ಆತನ ಹಿಂದೆ ನಿಂತಿದ್ದವನು ಒಡೆಯರಪಾಳ್ಯದ ಟಿಬೆಟ್ಟಿನ ಯುವಕ. ಈಗ ಹನೂರು ತಾಲ್ಲೂಕಿಗೆ ಸೇರಿದ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟ್ಟಿನ ನಿರಾಶ್ರಿತರು ನೆಲಸಿ, ಜೋಳ ಬೆಳೆಯುತ್ತ ಬಂದಿದ್ದಾರೆ. ಕಾನೂನಿನ ದೃಷ್ಟಿಯಲ್ಲಿ ಅವರಲ್ಲಿ ಹೆಚ್ಚಿನವರು ಇಂದಿಗೂ ಪರದೇಶದವರೇ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರೆಂದು 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಆಮೇಲೆ ಹುಟ್ಟಿದವರಿಗೆ ಅದು ಅನ್ವಯಿಸುವುದಿಲ್ಲ. ಅವರ ಕೈಯಲ್ಲಿರುವುದು ನೋಂದಣಿಯ ಪುಸ್ತಕ. ಅದನ್ನು ಗೊತ್ತಾದ ಕಾಲಕ್ಕೆ ಹೊಸದಾಗಿಸಿಕೊಳ್ಳುತ್ತಿರಬೇಕು. ಈ ನೋಂದಣಿಗೆ ಆಧಾರವಾಗಿದ್ದ 1939ರ ಮತ್ತು 1946ರ ಕಾಯಿದೆಗಳು ಹೋಗಿ, 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆ ಬಂದಿದೆ. ಪರದೇಶದವನು ಇಲ್ಲಿ ಲೈಸೆನ್ಸು ಬೇಡಿದರೆ, ವಾಸಸ್ಥಳದ ದಾಖಲೆಯ ಜೊತೆಗೆ ಈ ದೇಶದಲ್ಲಿ ನ್ಯಾಯಬದ್ಧವಾಗಿ ಇದ್ದಾನೆಂಬ ದಾಖಲೆಯನ್ನೂ ತೋರಿಸಬೇಕು.

ಯುವಕನು ಒಳ್ಳೆಯ ಕೊಳ್ಳೇಗಾಲದ ಕನ್ನಡದಲ್ಲಿ, “ಅಣ್ಣ, ನೀವೂ ಎಲ್ಲೆಲ್ಲಿಗಾ?” ಎಂದು ಕೇಳಿದನು. ಎಲ್ಲೆಲ್ ಎಂದರೆ ಕಲಿಯುವವರ ಲೈಸೆನ್ಸು. ಆತನು ತನ್ನ ಕಥೆಯನ್ನು ಹೇಳಿದನು. ಯುವಕನು ತನ್ನ ಪುಸ್ತಕವನ್ನು ತೋರಿಸಿ, “ನೀವು ಹೋಗಿ ಪರದೇಶಿ ಆದ್ರಿ, ನಾನು ಹೋಗ್ಲೇ ಇಲ್ಲ” ಎಂದನು. ಅದರಲ್ಲಿ ದೂರಿನ ಧ್ವನಿಯಿರಲಿಲ್ಲ. ಆತನು ಇಂಗ್ಲೆಂಡಿನಲ್ಲಿ ಹಿಂದಿರುಗಿ ಬರಬಹುದಾದ ಮನೆಯನ್ನು ನೆನೆಯುತ್ತ ಪರೀಕ್ಷೆಗೆ ನಿಂತಿದ್ದನು; ಈ ಹುಡುಗನು ಹುಟ್ಟಿದ ಮಣ್ಣಿನಲ್ಲಿಯೇ ಇದ್ದಾನೆಂಬುದಕ್ಕೆ ದಾಖಲೆ ಹಿಡಿದು ನಿಂತಿದ್ದನು. ಗುಮಾಸ್ತರು ಇಬ್ಬರ ಕಾಗದಗಳನ್ನೂ ಒಂದೇ ರೀತಿಯಲ್ಲಿ ನೋಡಿ, ಇಬ್ಬರಿಗೂ ದಿನವನ್ನು ಗೊತ್ತುಮಾಡಿದರು. ಆ ಸಮಾನವಾದ ನೋಟವು ಸಣ್ಣದಲ್ಲ.

ಸ್ವದೇಶ ಪರದೇಶಗಳ ಗೆರೆ ಎಷ್ಟು ಸ್ಥಿರವೆಂಬುದನ್ನು ಈ ಜಿಲ್ಲೆಯವರು ಬೇರೆಲ್ಲಿಗೂ ಹೋಗದೆಯೇ ತಿಳಿಯಬಹುದು. ಬದನಗುಪ್ಪೆಯು ಮೈಸೂರು ಸಂಸ್ಥಾನದಲ್ಲಿದ್ದಾಗ, ಇಂದು ಅದೇ ಜಿಲ್ಲೆಗೆ ಸೇರಿದ ಕೊಳ್ಳೇಗಾಲವು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದಿತು. ಒಂದು ಕಡೆ ಮಹಾರಾಜರ ಆಳ್ವಿಕೆ, ಇನ್ನೊಂದು ಕಡೆ ಬ್ರಿಟಿಷರ ಆಳ್ವಿಕೆ. ನೆಂಟಸ್ತನ ಮಾತ್ರ ಎರಡು ಕಡೆಯೂ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರಿಗೆ ಸೇರಿತು. 1997ರಲ್ಲಿ ಚಾಮರಾಜನಗರವು ಜಿಲ್ಲೆಯಾಯಿತು. ಇಂದು ಚಾಮರಾಜನಗರದಲ್ಲಿ ಕೊಟ್ಟ ಲೈಸೆನ್ಸು ಭಾರತದಲ್ಲೆಲ್ಲ ನಡೆಯುತ್ತದೆಂದು ಕಾನೂನೇ ಹೇಳುತ್ತದೆ. ಗುಂಡ್ಲುಪೇಟೆಯಿಂದ ಹೊರಟವನು ಬಂಡೀಪುರವನ್ನು ದಾಟಿ ನೀಲಗಿರಿಗೋ ವಯನಾಡಿಗೋ ಇಳಿದರೆ, ಭಾಷೆ ಬದಲಾಗುತ್ತದೆ, ಊಟ ಬದಲಾಗುತ್ತದೆ; ಅಧಿಕಾರ ಬದಲಾಗುವುದಿಲ್ಲ. ಒಂದು ಕಾಲದ ಪರದೇಶವು ಸ್ವದೇಶವಾದುದು ಬೆಟ್ಟಗಳು ಸರಿದುದರಿಂದಲ್ಲ. ಒಬ್ಬರು ಹೇಳಿದ ಮಾತನ್ನು ಇನ್ನೊಬ್ಬರು ನಂಬಲು ಒಪ್ಪಿದುದರಿಂದ.

ಹಾಗೆಂದು ಪರೀಕ್ಷೆಯೇ ಬೇಡವೆನ್ನಲಾಗದು. ರಸ್ತೆಯಲ್ಲಿ ನಡೆಯುವ ಮಗುವಿಗೆ ಸಾರಥಿಯ ದೇಶ ಯಾವುದಾದರೇನು. ಅವನ ಕಣ್ಣು ಸರಿಯಾಗಿರಬೇಕು. ಬೇರೆ ದೇಶದ ರಸ್ತೆಯು ಬೇರೆ ಮರ್ಯಾದೆಯನ್ನು ಕೇಳಿದರೆ ಅದನ್ನು ಕಲಿಯುವುದು ನ್ಯಾಯವೇ. ಬೇಡವಾದುದು ಎರಡು: ಪಟ್ಟಿಯಲ್ಲಿ ದೇಶದ ಹೆಸರಿಲ್ಲವೆಂಬ ಮಾತ್ರಕ್ಕೆ ಮನುಷ್ಯನ ಹದಿನೇಳು ವರ್ಷದ ಬಾಳನ್ನು ಸೊನ್ನೆಯೆಂದು ಎಣಿಸುವುದು, ಮತ್ತು ಸಾರಥ್ಯದ ಪ್ರಶ್ನೆಯೊಳಗೆ ವಾಸದ ಪ್ರಶ್ನೆಯನ್ನು ಅಡಗಿಸಿ ಕೇಳುವುದು. ಹೊರದೇಶಗಳಿಗೆ ಮಕ್ಕಳನ್ನು ಕಳುಹಿಸಿರುವ ಮನೆಗಳವರು ಎರಡು ಕೆಲಸಗಳನ್ನು ಮಾಡಬಹುದು. ಪಂಚಾಂಗದಲ್ಲಿ ಹಬ್ಬ ಶ್ರಾದ್ಧಗಳನ್ನು ಗುರುತುಹಾಕಿಕೊಳ್ಳುವಂತೆ, ಮಕ್ಕಳ ಲೈಸೆನ್ಸು ಮುಗಿಯುವ ದಿನವನ್ನೂ ಗುರುತುಹಾಕಿಕೊಂಡು ನೆನಪು ಮಾಡುವುದು ಒಂದು. ಈ ಊರುಗಳ ಕಚೇರಿಯ ಸಾಲಿನಲ್ಲಿ ಬೇರೆ ಮುಖದ, ಬೇರೆ ಪುಸ್ತಕದ ಒಬ್ಬನು ಮುಂದೆಯೋ ಹಿಂದೆಯೋ ನಿಂತಿದ್ದರೆ, ಅವನ ಪರವಾಗಿ ಒಂದು ಮಾತು ಹೇಳಬೇಕಾದಾಗ ಹೇಳುವುದು ಇನ್ನೊಂದು. ಬದನಗುಪ್ಪೆಯ ತಾಯಿ ಕೇಳಿದುದು ಅದನ್ನೇ. ಹೇಳುವವರೊಬ್ಬರಿದ್ದರೆ ಯಾರೂ ಪರದೇಶಿಯಲ್ಲ.